ಎದುರಿನ ಫುಟ್‌ಪಾತಿನಿಂದ

ನನ್ನವಳೇ,

ಈ ಪತ್ರವನ್ನು ನಿಮ್ಮಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ಮೇಲೆ ರೇಗಬೇಡ. ನಿನ್ನೆ ಆಸ್ಪತ್ರೆಯ ಎದುರು ಬಂದದ್ದು ನನ್ನದೇ ಹಟ. ಎದುರಿನ ಫುಟ್‌ಪಾತ್ ಬಿಟ್ಟು ಒಂದು ಹೆಜ್ಜೆಯೂ ಮುಂದಿಡಲಿಲ್ಲ.

ಸಲೂನಿನ ಮೇಲಿನ ಕೋಣೆಯಲ್ಲಿ ಆರಾಮಾಗಿದ್ದೇನೆ. ಜ್ವರ ಇಳಿದಿದೆ. ಚಿಕ್ಕಂದಿನಲ್ಲೇ ಬಂದುಹೋಗಬೇಕಿದ್ದ ಚಿಕನ್‌ಪಾಕ್ಸ್ ಈ ವಯಸ್ಸಿನಲ್ಲಿ, ಅದೂ ಮಗು ಹುಟ್ಟುವ ವಾರವೇ ನೋಡಿಕೊಂಡು ವಕ್ಕರಿಸಿತು. ತುರಿಕೆ ಜೀವ ಹಿಂಡಿದರೂ ಒಂದು ಗುಳ್ಳೆಯನ್ನೂ ಕೆರೆದುಕೊಂಡಿಲ್ಲ, ಗೊತ್ತಾ? ಊರಿನವರ ಮುಖವನ್ನೆಲ್ಲ ನುಣ್ಣಗೆ ಮಾಡುವವನ ಮುಖ ಈಗ ಹಾಗಲಕಾಯಿ. ಅದಕ್ಕೇ ನಿನ್ನೆ ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ಟವೆಲಿನಲ್ಲಿ ಮುಚ್ಚಿಕೊಂಡು ಬಂದಿದ್ದೆ.

ನೀನು ಮೂರನೇ ಮಹಡಿಯ ಕಿಟಕಿಯಲ್ಲಿ ಮಗುವನ್ನು ಎತ್ತಿ ಹಿಡಿದೆ. ಅಷ್ಟರಲ್ಲಿ ಗೇಟಿನ ಕಾವಲುಗಾರ ಕೂಗಿದ, “ಏನ್ರೀ, ಮುಖ ಮುಚ್ಕೊಂಡು ಯಾರನ್ನ ನೋಡ್ತಿದ್ದೀರಿ?”

“ನನ್ನ ಮಗಳನ್ನ,” ಅಂದೆ.

ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಎದೆ ಉಬ್ಬಿಹೋಯಿತು ಕಣೇ. ಟವೆಲು ಕಿತ್ತು ಹೆಗಲಿಗೆ ಹಾಕಿಕೊಂಡೆ. ಅವನು ನನ್ನ ಮುಖ ನೋಡಿದ, ಕಿಟಕಿ ನೋಡಿದ.

“ಅಲ್ಲೇ ನಿಂತ್ಕೊಂಡು ಎಷ್ಟೊತ್ತು ಬೇಕಾದ್ರೂ ನೋಡಿ ಸ್ವಾಮಿ,” ಅಂದ.

ಗುಳ್ಳೆಗಳೆಲ್ಲ ಒಣಗಿ, ಡಾಕ್ಟರು ಹೂಂ ಅನ್ನುವವರೆಗೆ ಹತ್ತಿರ ಬರುವುದಿಲ್ಲ. ಆದರೆ ನಾಳೆ ಬಿಸಿಲು ಬಂದ ಮೇಲೆ ಮತ್ತೆ ಅಲ್ಲೇ ನಿಂತಿರುತ್ತೇನೆ. ಅವಳ ಟೋಪಿ ತೆಗೆದು ತೋರಿಸು. ತಲೆ ತುಂಬ ಕೂದಲು ಎಂದು ನಿಮ್ಮಣ್ಣ ಹೇಳಿದರು. ಅದನ್ನು ಅಷ್ಟು ದೂರದಿಂದ ಗುರುತಿಸಲಾರದಿದ್ದರೆ ನಾನೆಂಥ ಕ್ಷೌರಿಕ?

ಇಂತಿ,
ನಿನ್ನ ಮಗಳ ಅಪ್ಪ