ಏಳನೇ ಲೈನಿನ ತಿರುವು

ಮಾರ್ಚ್ 4

ಮತ್ತೆ ಗ್ಯಾಸ್ ಫೀಲ್ಡಿನ ಕಂಪ್ಯೂಟರ್ ಮಾಡೆಲ್ ರನ್‌ಗೆ ಹಾಕಿ ಕೂತಿದ್ದೇನೆ. ಬೆಳಗಾವಿ ಕಡೆಯ ಕಣಗಲಾದ ಮನೆಯಲ್ಲಿ ನಾನು. ಬಾವಿ, ಪೈಪುಗಳೆಲ್ಲ ರಾಜಸ್ಥಾನದ ಮರಳಿನಲ್ಲಿ. ಯಾವ ವಾಲ್ವ್ ಎಷ್ಟು ತೆರೆದರೆ ಹೆಚ್ಚು ಗ್ಯಾಸ್ — ಸಾಫ್ಟ್‌ವೇರ್ ಹೇಳುತ್ತದೆ. ಏಳನೇ ಪೈಪ್ ಲೈನಿಗೆ ಗ್ಯಾಸಿನ ವೇಗದ ಲಿಮಿಟ್ ಹಾಕಿದ್ದೆ. ಗ್ಯಾಸಿನ ಜೊತೆ ಮರಳು ಬರುತ್ತದೆ, ವೇಗ ಹೆಚ್ಚಾದರೆ ತಿರುವಿನಲ್ಲಿ ಪೈಪು ಸವೆಯುತ್ತದೆ.

ಪುಣೆಯಿಂದ ಮ್ಯಾನೇಜರ್ ಕಾಶಿನಾಥ ಸರ್ ಫೋನು. ಗೋಕಾಕ ಫಾಲ್ಸ್ ಕಡೆಯವರೇ.

"ಆ ಲಿಮಿಟ್ ತಗೀರಿ. ಕ್ಲೈಂಟಿಗೆ ಗ್ಯಾಸ್ ಬೇಕಾಗೈತಿ."

"ಪೈಪ್ ಒಡೀತೈತ್ರಿ ಸರ್."

"ಒಡದಾಗ ನೋಡೋಣ್ರಿ."

ತೆಗೆಯಲಿಲ್ಲ. ಅವರೇ ತೆಗೆದು ಕ್ಲೈಂಟಿಗೆ ಕಳಿಸಿದರು. ಬೇಡವೆಂದು ಮೇಲ್ ಬರೆದೆ. ಉತ್ತರ — ಒಂದು ಹೆಬ್ಬೆಟ್ಟಿನ ಚಿತ್ರ.

ಮಾರ್ಚ್ 19

ತಮ್ಮ ಯಶ ಅದೇ ಫೀಲ್ಡಿನಲ್ಲಿ ಆಪರೇಟರ್. ಫೋನ್ ಮಾಡಿದ್ದ.

"ಅಕ್ಕಾ, ತಿರುವಿನ್ಯಾಗ ಸಪ್ಪಳ ಬ್ಯಾರೆ ಬರಾಕತ್ತೈತಿ."

"ದೂರ ನಿಂದ್ರು."

ನಕ್ಕ. "ನನ್ನ ಕೆಲಸನ ಅಲ್ಲೈತಿ."

ಮತ್ತೆ ಮೇಲ್ ಹಾಕಿದೆ. ಈ ಸಲ ಹೆಬ್ಬೆಟ್ಟೂ ಇಲ್ಲ.

ಮಾರ್ಚ್ 31

ತಿರುವು ಒಡೆದಿದೆ. ಮರಳು ಯಶನ ಮುಖಕ್ಕೆ ಬಡಿದಿದೆ. ಎರಡೂ ಕಣ್ಣಿಗೆ ಪಟ್ಟಿ. ಹೊತ್ತು ಹೊರತಂದವನು ಮೂಡಲಗಿಯ ಸಾತಪ್ಪ, ಅದೇ ಪಾಳಿಯವನು.

ಅವ್ವ ಕೇಳಿದಳು, "ನಿನ್ನ ಕಂಪ್ಯೂಟರಿನ್ಯಾಗ ಇದು ಕಾಣಲಿಲ್ಲೇನ?"

"ಕಂಡಿತ್ತವ್ವಾ."

ಏಪ್ರಿಲ್ 9

ಯಶನನ್ನು ಬೆಳಗಾವಿ ಆಸ್ಪತ್ರೆಗೆ ತಂದೆವು. ಕಾಶಿನಾಥ ಸರ್ ಫೋನು. ಅಪಘಾತದ ತನಿಖೆಗೆ ಕೊಡುವ ರಿಪೋರ್ಟಿಗೆ ನನ್ನ ಸಹಿ ಬೇಕಂತೆ — ಮಾಡೆಲ್ ಸರಿಯಿತ್ತು, ಆಪರೇಟರ್ ಯಶ ವಾಲ್ವ್ ಹೆಚ್ಚು ತೆರೆದ ಎಂದು.

"ಅಂವ ನನ್ನ ತಮ್ಮ ರೀ."

"ಹೌದೇನ್ರಿ? ಗೊತ್ತಿರಲಿಲ್ಲ. ಹಂಗಾರ ಸಾತಪ್ಪನ ಹೆಸರ ಹಾಕೋಣು."

ಉಪಕಾರ ಮಾಡುವವರ ದನಿ!

ಅವ್ವ: "ಸಹಿ ಮಾಡಿಬಿಡವಾ. ನಮ್ಮ ಹುಡುಗ ಉಳೀಲಿ."

ಮಲಗಿದ್ದಲ್ಲಿಂದಲೇ ಯಶ: "ಅಕ್ಕಾ, ಅವನ ನನ್ನ ಹೊತ್ಕೊಂಡ ಬಂದಾನ."

ಏಪ್ರಿಲ್ 10

ಸಹಿ ಮಾಡಲಿಲ್ಲ. ಹಳೆಯ ಮೇಲ್‌ಗಳು, ಲಿಮಿಟ್ ಇದ್ದದ್ದು, ತೆಗೆದದ್ದು ಎರಡೂ ಮಾಡೆಲ್ — ತನಿಖೆಯವರಿಗೆ ಕಳಿಸಿದೆ. ಮಧ್ಯಾಹ್ನಕ್ಕೆ ನನ್ನ ಲಾಗಿನ್ ಬಂದ್. ನೌಕರಿಯೂ. ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಜುಲೈ 2

ವರದಿ ಬಂತು. 'ತಾಂತ್ರಿಕ ಕಾರಣ.' ಯಶನ ಹೆಸರಿಲ್ಲ, ಸಾತಪ್ಪನದಿಲ್ಲ... ಕಾಶಿನಾಥ ಸರ್ ಹೆಸರೂ ಇಲ್ಲ. ಅವರಿಗೆ ಬಡ್ತಿ.

ಸಾತಪ್ಪ ಫೋನ್ ಮಾಡಿದ್ದ. ಹೊಸ ಪೈಪು ಕೂಡಿಸಿದ್ದಾರೆ, ಗ್ಯಾಸ್ ಮಾತ್ರ ಅದೇ ವೇಗದಲ್ಲಿ.

"ಯಶನ ಜಾಗಾದಾಗ ಈಗ ನನ್ನ ಹಾಕ್ಯಾರ್ರಿ ಅಕ್ಕಾರ."

"ಬಿಟ್ಟು ಬಾರಪಾ."

"ಬಂದ ಏನ ಮಾಡ್ಲಿರಿ?"



ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತೆವು. ಯಶನಿಗೆ ಬಲಗಣ್ಣಲ್ಲಿ ನೆರಳಷ್ಟೇ ಕಾಣುತ್ತದೆ, ಎಡಗಣ್ಣು ಹೋಯಿತು. ನೀರಿನ ಲೋಟ ಅವನತ್ತ ಸರಿಸಲು ಹೋದೆ.

"ಬ್ಯಾಡ ಅಕ್ಕಾ, ನಾನ ಹುಡುಕತೇನಿ."

ಕೈ ತಟ್ಟೆಯ ಆಚೆ ಹೋಯಿತು, ಈಚೆ ಬಂತು. ಅವ್ವನೂ ನಾನೂ ಊಟ ಬಿಟ್ಟು ಆ ಕೈಯನ್ನೇ ನೋಡುತ್ತ ಕೂತೆವು.