ಚೆಂಡಿಲ್ಲದ ಕೊಕ್ಕೆ

ಓಸ್ಟರ್‌ವಾರ್ಫ್
ಜೂನ್ ನಾಲ್ಕು, ಮಂಗಳವಾರ

ತಮ್ಮ ಓಕೊ,

ಅಕ್ಕ ಫೆನ್ನಾಳ ಪ್ರೀತಿಯ ನೆನಪುಗಳು. ಪ್ರೀತಿ ಇದೆ ಎಂದು ಮೊದಲೇ ಹೇಳಿಬಿಟ್ಟಿದ್ದೇನೆ. ಮುಂದಿನ ಸಾಲುಗಳಲ್ಲಿ ಅದನ್ನು ಹುಡುಕಬೇಡ.

ಶನಿವಾರ ನಿನ್ನ ವಿದಾಯದ ಪಂದ್ಯ ನೋಡಿ ಬಂದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ನಿನ್ನೆ ಚಹಾಕ್ಕೆ ಕೆನೆ ಬಿಟ್ಟೆ, ಅದನ್ನೂ ಹಿತ್ತಲಿಗೆ ಚೆಲ್ಲಿದೆ.

ಹದಿನೇಳು ವರ್ಷ ನೀನು ಮೈದಾನದ ನಡುವೆ ಓಡಿದೆ. ಎದುರಾಳಿಯ ಕಾಲಿಂದ ಚೆಂಡು ಕಿತ್ತು ಪಕ್ಕದವನಿಗೆ ಕೊಟ್ಟೆ. ಅವನು ಗೋಲು ಹೊಡೆದ, ಅವನ ಚಿತ್ರ ಪತ್ರಿಕೆಯಲ್ಲಿ ಬಂತು. ನಿನ್ನ ಮೂಗು ಮುರಿಯಿತು, ಮೊಣಕಾಲು ಸವೆಯಿತು, ನಿನ್ನ ಹೆಸರಿಗೆ ಒಂದು ಗೋಲೂ ಬರಲಿಲ್ಲ. ಅದಕ್ಕೆ ನಾವೇನು ನಾಚಿಕೊಂಡೆವೇ? ನೀನು ಮೊದಲ ಪಂದ್ಯ ಆಡಿದ ದಿನ ಅಪ್ಪ ಊರ ಕ್ಲಬ್ಬಿನ ಗೋಡೆಗೆ ಕೊಕ್ಕೆ ಹೊಡೆದ. "ನನ್ಮಗನ ಮೊದಲ್ನೇ ಗೋಲಿನ ಚೆಂಡು ಇಲ್ಲಿ ನೇತಾಡ್ಬೇಕು. ಅಲ್ಲೀವರೆಗೂ ಯಾವನಾದ್ರೂ ಇದಕ್ಕೆ ಕೋಟು ತಗುಲಿಹಾಕಿದ್ರೆ ಎಲ್ರಿಗೂ ಬಿಯರ್ ಕುಡಿಸ್ಬೇಕು," ಅಂದ. ಮರೆತು ಕೋಟು ಹಾಕಿ ಎಷ್ಟು ಜನ ಪೆಟ್ಟಿಗೆಗಟ್ಟಲೆ ಕುಡಿಸಿದರೋ! ಆ ಖಾಲಿ ಕೊಕ್ಕೆ ಊರಿಗೆ ನಗೆಯೂ ಹೌದು, ಹೆಮ್ಮೆಯೂ ಹೌದು.

ಒಮ್ಮೆ ಚಳಿಗಾಲದಲ್ಲಿ ನೀನು ಒದ್ದ ಚೆಂಡು ಗೋಲುಕಂಬಕ್ಕೆ ಬಡಿದು ಹಿಂದೆ ಬಂತಲ್ಲ, ಆ ವಾರವಿಡೀ ಅಪ್ಪ ಕೊಟ್ಟಿಗೆಯಲ್ಲಿ ಹಾಲಿನ ಕ್ಯಾನು ಬಡಿದು "ಕೇಳ್ರೋ, ಹಿಂಗೇ ಸದ್ದು ಬಂತು!" ಅಂತ ಹಸುಗಳಿಗೂ ಹೇಳುತ್ತಿದ್ದ. ಅದು ನಿಜವಾದ ಒದೆತ, ನಿಜವಾದ ಕಂಬ.

ಇನ್ನು ಶನಿವಾರದ್ದು. ಕೊನೆಯ ಗಳಿಗೆಯಲ್ಲಿ ಎರಡೂ ಕಡೆಯವರು ಮದುವೆ ದಿಬ್ಬಣಕ್ಕೆ ದಾರಿ ಬಿಟ್ಟಂತೆ ಸರಿದು ನಿಂತರು. ನಿನ್ನ ಚೆಂಡು ಗಬ್ಬದ ಹಸುವಿನ ಹಾಗೆ ತೂಗುತ್ತ ಹೋಯಿತು. ಗೋಲ್‌ಕೀಪರ್ ಟ್ಯಾರ್ಕ್ ಅದನ್ನು ನೋಡಿದ, ಕಾದ, ಬೇಕೆಂದೇ ಇನ್ನೊಂದು ಮಗ್ಗುಲಿಗೆ ಬಿದ್ದ. ಬಿದ್ದಲ್ಲೇ ಹಲ್ಲು ಕಿರಿಯುತ್ತಿದ್ದ. ಅಮ್ಮ ನನ್ನ ಪಕ್ಕೆ ತಿವಿದು, "ಪಾಪ, ಆ ಹುಡುಗನಿಗೆ ಸೊಂಟ ಹಿಡ್ಕೊಂತೇನೇ?" ಅಂದಳು. ನೀನೋ, ಮಂಡಿಯೂರಿ ಹುಲ್ಲಿಗೆ ಮುತ್ತಿಟ್ಟು ಅತ್ತೆ!

ಥೂ! ಅದು ಗೋಲಲ್ಲ ಓಕೊ, ತಿರುಪೆ. ಜನ್ಮವಿಡೀ ಕಿತ್ತುಕೊಂಡು ಬದುಕಿದವನು ಕೊನೆಯ ದಿನ ಕೈಯೊಡ್ಡಿದೆ. ಇನ್ನೂ ಹೇಸಿಗೆಯ ಮಾತು ಹೇಳಲೇ? ಎಲ್ಲರ ಜೊತೆ ನಾನೂ ಎದ್ದು ನಿಂತು ಚಪ್ಪಾಳೆ ಹೊಡೆದೆ. ಅಂಗೈ ತೊಳೆದಷ್ಟೂ ಅಂಟಂಟು.

ಈಗ ನಮ್ಮ ಕ್ಲಬ್ಬಿನ ಅಧ್ಯಕ್ಷ ಹಾಯೊ ಬರುವ ಭಾನುವಾರ ಆ ಚೆಂಡನ್ನು ಅಪ್ಪನ ಕೊಕ್ಕೆಗೆ ನೇತು ಹಾಕಿಸುತ್ತಾನಂತೆ. ವಾದ್ಯದವರಿಗೂ ಹೇಳಿಯಾಗಿದೆ. ನೀನೂ ಒಪ್ಪಿದ್ದೀಯಂತೆ. ಬೇಡವೆಂದು ಹೇಳಲು ಅವನನ್ನು ಮನೆಗೇ ಕರೆಸಿದೆ.

"ಏ ಫೆನ್ನಾ, ಚೆಂಡು ಬಲೆಗೆ ಬಿತ್ತೋ ಇಲ್ವೋ? ನಿನಗ್ಯಾಕೆ ಹೊಟ್ಟೆಕಿಚ್ಚು?" ಅಂದ.

"ಬಿತ್ತು ಕಣೋ. ನಮ್ಮಮ್ಮ ಒದ್ದಿದ್ರೂ ಬೀಳ್ತಿತ್ತು," ಅಂದೆ.

ಒಳಗಿಂದ ಅಮ್ಮ, "ನಾನಾಗಿದ್ರೆ ಇನ್ನೂ ಜೋರಾಗೇ ಒದೀತಿದ್ದೆ!" ಅಂದಳು.

ಅಪ್ಪ ಹೋಗಿ ಮೂರು ವರ್ಷವಾಯಿತು. ಅವನಿದ್ದಿದ್ದರೆ ಆ ಚೆಂಡನ್ನು ತಿಪ್ಪೆಗೆ ಎಸೆಯುತ್ತಿದ್ದ. ಅದು ಅಲ್ಲಿ ನೇತಾಡಿದರೆ, ನಿನ್ನ ಹದಿನೇಳು ವರ್ಷದ ಓಟವೆಲ್ಲ ಈ ಒಂದು ಭಿಕ್ಷೆಗೆ ಕಾದು ಕೂತ ಹಾಗೆ ಕಾಣುತ್ತದೆ. ಅದನ್ನು ನಾನು ಸಹಿಸಲಾರೆ.

ನಮ್ಮ ಕಣಜದ ಬಾಗಿಲನ್ನೇ ಗೋಲು ಮಾಡಿಕೊಂಡು ಆಡುತ್ತಿದ್ದೆವಲ್ಲ, ನೀನು ಅಳುವ ತನಕ ನಾನು ಒಂದು ಚೆಂಡನ್ನೂ ಒಳಗೆ ಬಿಡುತ್ತಿರಲಿಲ್ಲ. ಅತ್ತ ಮೇಲೂ ಬಿಡುತ್ತಿರಲಿಲ್ಲ. ನೀನು ಆಟಗಾರನಾದದ್ದು ಹಾಗೆ.

ಭಾನುವಾರ ಬಾ. ಬರಿಗೈಯಲ್ಲಿ ಬಾ.

ಬೈದರೂ ಬಿಟ್ಟುಕೊಡದ
ನಿನ್ನ ಅಕ್ಕ,
ಫೆನ್ನಾ

ಮರೆತಿದ್ದೆ: ಲಕೋಟೆ ಯಾಕಿಷ್ಟು ಭಾರ ಅಂದುಕೊಂಡಿರಬೇಕು. ಒಳಗಿರುವುದು ಅಪ್ಪನ ಕೊಕ್ಕೆ. ಇವತ್ತು ಬೆಳಿಗ್ಗೆ ಇಕ್ಕಳ ಹಿಡಿದು ಕಿತ್ತೆ. ಕುರ್ಚಿ ಅಲ್ಲಾಡದಂತೆ ಹಿಡಿದುಕೊಂಡವಳು ಅಮ್ಮ. ಭಾನುವಾರ ಅಪ್ಪನ ಕೈಗವಸು ಹಾಕಿಕೊಂಡು ಕಣಜದ ಬಾಗಿಲಲ್ಲಿ ನಿಂತಿರುತ್ತೇನೆ. ನನ್ನನ್ನು ದಾಟಿಸಿ ಒಂದು ಗೋಲು ಹೊಡಿ, ಆಮೇಲೆ ಕೊಕ್ಕೆಯನ್ನು ನಿನಗೆ ಬೇಕಾದ ಗೋಡೆಗೆ ಬಡಿದುಕೋ. ಆದರೆ ನೆನಪಿಡು, ನಾನು ಇನ್ನೊಂದು ಮಗ್ಗುಲಿಗೆ ಬೀಳುವವಳಲ್ಲ.