ಶೆಟ್ಟಿ ಗೊಂಬೆ ಕಾಯ್ದ ಬೀಗದ ಕೈ

ತ್ಯಾಗರಾಜನಗರ, 5 ಅಕ್ಟೋಬರ್ 1983

ಅಮ್ಮಾ,

ನಿನ್ನ ಟ್ರಂಕಿನ ಬೀಗದ ಕೈ ಇಂದು ಬೆಳಿಗ್ಗೆ ಸಿಕ್ಕಿತು. ಸುದ್ದಿ ಕೊಟ್ಟವಳು ನಿನ್ನ ಮೊಮ್ಮಗಳು ಪ್ರಭಾ. ದಸರೆಗೆಂದು ಗೊಂಬೆ ಒರೆಸುತ್ತಿದ್ದವಳು, "ಅಪ್ಪಾ, ಶೆಟ್ಟಿ ಹೊಟ್ಟೇಲಿ ಏನೋ ಗಲಗಲ ಅಂತಿದೆ, ಬೇಗ ಬನ್ನಿ!" ಎಂದು ಕೂಗಿದಳು. ಅಂಗಡಿ ಶೆಟ್ಟಿಯ ಟೊಳ್ಳು ಗೊಂಬೆಯ ತಳಕ್ಕೆ ನೀನು ತುರುಕಿದ್ದ ಬಟ್ಟೆ ಎಳೆದಾಗ ಬೀಗದ ಕೈ ಜಾರಿ ಬಿತ್ತು.

"ಅತ್ತೆ ಒಳ್ಳೇ ಕಾವಲುಗಾರನ್ನೇ ಹಿಡಿದಿದ್ರು ಬಿಡಿ, ಒಂದು ದಿನಾನೂ ರಜ ಹಾಕಿಲ್ಲ" ಎಂದಳು ಕಮಲಾ. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ನೀನು ಹೋಗಿ ವರ್ಷ ತುಂಬಿರಲಿಲ್ಲವೆಂದು ಕಳೆದ ದಸರೆಯಲ್ಲಿ ಗೊಂಬೆ ಕೂರಿಸಲಿಲ್ಲ; ಪೆಟ್ಟಿಗೆ ಅಟ್ಟದಿಂದ ಇಳಿಯಲೇ ಇಲ್ಲ. ನಿನ್ನ ಬೀಗ ಒಡೆಸಲು ನನಗೆ ಮನಸ್ಸಾಗಲಿಲ್ಲ. ಕೊನೆಯ ದಿನಗಳಲ್ಲಿ ನಿನ್ನ ಪಕ್ಕ ಮಲಗುತ್ತಿದ್ದವಳು ಅಕ್ಕ. ಬೀಗದ ಕೈ ಎಲ್ಲಿ ಎಂದು ಅವಳನ್ನು ಎರಡು ಸಲ ಕೇಳಿದ್ದೆ. ಎರಡನೆಯ ಸಲದ ನಂತರ ಅವಳು ಇಟ್ಟಮಡುವಿನಿಂದ ಈ ಕಡೆ ಬಂದಿಲ್ಲ.

ಟ್ರಂಕು ತೆರೆದು ನೋಡಿದೆ; ಮನೆಯ ಕ್ರಯಪತ್ರ ಬೇವಿನೆಲೆಗಳ ನಡುವೆ ಒಂದು ಮೂಲೆಯೂ ಮಾಸದೆ ಇದೆ.

ನಾಳೆ ಏಳೂವರೆಯ ಬಸ್ಸಿಗೆ ಇಟ್ಟಮಡುವಿಗೆ ಹೋಗಿ ಅಕ್ಕನನ್ನು ಗೊಂಬೆ ಆರತಿಗೆ ಕರೆಯುತ್ತೇನೆ.